ಯರಿಹೊಲದ ಧಾಟಿಯಲ್ಲಿ ಯೇಸುವಿನ ಹಾಡು: ಎರಡನೇ ಆಲ್ಬಮ್ಮಿಗೆ ಕೂತವರಿಗೆ ಒಂದು ಬಹಿರಂಗ ಪತ್ರ

ವಿಜಯಪುರ

ಪ್ರೀತಿಯ ತಮ್ಮಂದಿರಾ, ತಂಗೇರಾ,

ನಿಮ್ಮ ಬ್ಯಾಂಡಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈ ಪತ್ರ ಒಂದೇ ಬ್ಯಾಂಡಿನ ಬಾಗಿಲಿಗೆ ಹೋಗಿ ನಿಲ್ಲುವಂಥದ್ದಲ್ಲ. ವಿಜಯಪುರದಲ್ಲಿ, ತಿಕೋಟಾ ಬಬಲೇಶ್ವರದ ಕಡೆ, ಭಾನುವಾರದ ಆರಾಧನೆಯಲ್ಲಿ ಗಿಟಾರು ಕಲಿತು, ಕ್ರಿಸ್‌ಮಸ್ ರಾತ್ರಿಗಳಲ್ಲಿ ಡ್ರಮ್ಸ್ ಬಾರಿಸಿ, ಉಳಿಸಿದ ದುಡ್ಡಿನಲ್ಲಿ ಒಂದು ಆಲ್ಬಮ್ಮು ಮಾಡಿ, ಈಗ ಎರಡನೆಯದಕ್ಕೆ ಹಾಡು ಹುಡುಕುತ್ತಿರುವವರು ಯಾರೇ ಇರಲಿ, ಇದು ಅವರಿಗೆ. ನಾನು ಚರ್ಚಿನವನಲ್ಲ, ವಚನ ಹೇಳಿ ಊಟಕ್ಕೆ ಕೂಡುವ ಮನೆಯವನು. ಆದರೂ ನಿಮ್ಮ ಹಾಡಿನ ಮೇಲೆ ನನಗೆ ಆಸೆಯಿದೆ. ಈ ಊರಿನ ಮಾತಿನಲ್ಲಿ ಯಾರು ಹಾಡಿದರೂ ಅದು ಊರಿಗೆಲ್ಲ ಸೇರುತ್ತದೆ ಎಂದು ನಂಬಿದವನಾದ್ದರಿಂದ ಒಂದಿಷ್ಟು ಹಕ್ಕೂ ಇದೆ ಅಂದುಕೊಂಡಿದ್ದೇನೆ.

ಮೊದಲ ಆಲ್ಬಮ್ಮುಗಳನ್ನು ಮನಸ್ಸಿಟ್ಟು ಕೇಳಿದ್ದೇನೆ. ನುಡಿಸಾಣಿಕೆಗೆ ಹೆಸರಿಡುವ ಹಾಗಿಲ್ಲ. ದನಿಗಳು ಚೆಲುವಾಗಿವೆ, ಭಕ್ತಿಯಲ್ಲಿ ಕಪಟವಿಲ್ಲ. ಆದರೆ ಹಾಡು ಶುರುವಾಗಿ ನಾಲ್ಕು ಸಾಲು ಆಗುವಷ್ಟರಲ್ಲಿ ಅದು ಎಲ್ಲಿಂದ ಬಂತೆಂದು ತಿಳಿದುಬಿಡುತ್ತದೆ. ಸಿಡ್ನಿಯ ಹಿಲ್‌ಸಾಂಗ್ ಚರ್ಚಿನಿಂದ, ಇಲ್ಲವೆ ಕ್ಯಾಲಿಫೋರ್ನಿಯಾದ ರೆಡ್ಡಿಂಗ್ ಊರಿನ ಬೆಥೆಲ್ ಚರ್ಚಿನಿಂದ. ಮೊದಲು ಪಿಯಾನೊ ಮೆಲ್ಲಗೆ ಬರುತ್ತದೆ, ಎರಡನೇ ಚರಣಕ್ಕೆ ಡ್ರಮ್ಸ್ ಕೂಡುತ್ತವೆ, ನಡುವೆ ಒಂದೇ ಸಾಲನ್ನು ಮತ್ತೆ ಮತ್ತೆ ಏರಿಸುತ್ತ ಹೋಗುತ್ತಾರೆ, ಎಲ್ಲರ ಕೈಯೂ ಮೇಲೆದ್ದ ಮೇಲೆ ತಿರುಗಿ ಪಿಯಾನೊ. ಆ ಚರ್ಚುಗಳ ಮಂದಿಗೆ ಅದು ಅವರ ಹಾಡು, ಅವರು ಹಾಗೆಯೇ ಹಾಡಲಿ. ನಿಮ್ಮ ಬಾಯಲ್ಲಿ ಅದು ಕನ್ನಡವನ್ನು ನೋಯಿಸುತ್ತದೆ. ಇಂಗ್ಲಿಷ್ ಹಾಡು ನಡೆಯುವುದು ಒತ್ತಿನ ಮೇಲೆ, ಕನ್ನಡದ ಹಾಡು ನಡೆಯುವುದು ಲಘು ಗುರುವಿನ ಮೇಲೆ. ಅಲ್ಲಿನ ಧಾಟಿಗೆ ಇಲ್ಲಿನ ಮಾತು ತುಂಬಿದಾಗ ‘ಕರುಣೆ’ ಎಳೆದು ‘ಕಾರುಣೆ’ಯಾಗುತ್ತದೆ, ‘ದಯೆ’ ಹೋಗಿ ‘ದಾಯೆ’ಯಾಗುತ್ತದೆ. ತಿಕೋಟಾದ ಮುದುಕಿಯೊಬ್ಬಳು ಅದನ್ನು ಕೇಳಿದರೆ ಯಾರೋ ಪರಸ್ಥಳದವರು ಕನ್ನಡ ಕಲಿತು ಹಾಡುತ್ತಿದ್ದಾರೆ ಅಂದುಕೊಂಡಾಳು. ನೀವೋ ಆಕೆಯ ಓಣಿಯಲ್ಲೇ ಹುಟ್ಟಿದವರು.

ಈ ತೊಡಕು ನಿಮಗಿಂತ ನೂರೈವತ್ತು ವರ್ಷ ಮೊದಲೇ ಒಬ್ಬ ಜರ್ಮನ್ ಪಾದ್ರಿಯನ್ನು ಕಾಡಿತ್ತು. ಫರ್ಡಿನೆಂಡ್ ಕಿಟೆಲ್ ಬಾಸೆಲ್ ಮಿಶನ್ನಿನಿಂದ 1853ರಲ್ಲಿ ಈ ದೇಶಕ್ಕೆ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ, ಅಂದರೆ ಹೆಚ್ಚುಕಡಿಮೆ ನಿಮ್ಮ ವಯಸ್ಸು. 1894ರಲ್ಲಿ ಅಚ್ಚಾದ ಅವರ ನಿಘಂಟನ್ನು ಎಲ್ಲರೂ ಬಲ್ಲರು. ಅದಕ್ಕೂ ಮೂವತ್ತೆರಡು ವರ್ಷ ಮೊದಲು, 1862ರಲ್ಲಿ, ಅವರು ‘ಕಥಾಮಾಲೆ’ ಎಂಬ ಕಾವ್ಯ ಬರೆದದ್ದನ್ನು ಬಲ್ಲವರು ಕಡಿಮೆ. ಯೇಸುವಿನ ಜೀವನವನ್ನು ಅವರು ಕನ್ನಡದ ಛಂದಸ್ಸಿನಲ್ಲಿ ಹೇಳಿದರು. ಮಿಶನ್ನಿನ ಸಭೆಗಳಲ್ಲಿ ಜರ್ಮನ್ ಗೀತೆಗಳನ್ನು ಕನ್ನಡಕ್ಕೆ ತಿರುಗಿಸಿ ಅಲ್ಲಿನ ಧಾಟಿಯಲ್ಲೇ ಹಾಡಿಸುವ ರೂಢಿಯಿದ್ದಾಗ, ಈ ನೆಲದ ಜನಕ್ಕೆ ಕಥೆ ಮುಟ್ಟಬೇಕಾದರೆ ಈ ನೆಲದ ನಡೆಯಲ್ಲೇ ಮುಟ್ಟಬೇಕು ಎಂದು ಹೊರಟವರು ಅವರು. ಅಷ್ಟಕ್ಕೇ ಬಿಡದೆ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿ ಹೊರತಂದರು. ಪರದೇಶಿ ಪಾದ್ರಿ ಲಘು ಗುರು ಎಣಿಸುತ್ತ ವರುಷಗಟ್ಟಲೆ ಕೂತದ್ದನ್ನು ನೆನೆದರೆ, ಕನ್ನಡವೇ ತಾಯ್ನುಡಿಯಾದ ನೀವು ಅದನ್ನು ಎಣಿಸದೆ ಹಾಡುವುದು ನನಗೆ ಸಹಿಸದು.

ಅದೇ ಮಿಶನ್ನಿನ ಇನ್ನೊಂದು ಕಥೆ ನಮ್ಮ ಊರಿಗೆ ಸೇರಿದ್ದು. ವಿಜಯಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಮನೆ ಮನೆ ತಿರುಗಿ ತಾಡೋಲೆ ಕೂಡಿಸಿ, ‘ವಚನಶಾಸ್ತ್ರಸಾರ’ ಸಿದ್ಧಪಡಿಸಿ, ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿಗೆ ಕಳಿಸಿದರೆಂದೂ, ಪ್ರೆಸ್ಸಿನವರು ಅದನ್ನು ಅಚ್ಚು ಮಾಡದೆ ಹಿಂದಿರುಗಿಸಿದರೆಂದೂ ಅವರ ಚರಿತ್ರೆ ಬಲ್ಲವರು ಹೇಳುತ್ತಾರೆ. ಇಂಥ ಮಾತು ಈ ನೆಲದಲ್ಲಿ ಮೊದಲೇ ಇರುವಾಗ ತಾವು ಬೋಧಿಸಲು ಏನು ಉಳಿಯಿತು ಎಂದು ಅವರಿಗೆ ಅನ್ನಿಸಿತಂತೆ. ಗ್ರಂಥ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಮುಂದೆ ಹಳಕಟ್ಟಿ ಇದ್ದ ಮನೆಯನ್ನೇ ಮಾರಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಹೊರಡಿಸಿದರು. ಒಬ್ಬ ಮಿಶನರಿ ಕನ್ನಡದ ಛಂದಸ್ಸಿಗೆ ಮನಸೋತರು, ಅದೇ ಮಿಶನ್ನಿನ ಪ್ರೆಸ್ಸು ಕನ್ನಡದ ವಚನಕ್ಕೆ ಬೆದರಿತು. ಎರಡೂ ನಿಮ್ಮ ಮನೆಯಲ್ಲೇ ನಡೆದದ್ದು. ನೀವು ಯಾರ ಮಗ್ಗುಲಿಗೆ ನಿಲ್ಲುತ್ತೀರಿ ಎಂದು ಎರಡನೇ ಆಲ್ಬಮ್ಮು ಹೇಳಲಿ.

ಪರದೇಶದ ಕಥೆ ನಮ್ಮದಾಗುವುದು ಹೇಗೆಂದು ತಿಳಿಯಲು ಬಹುದೂರ ಹೋಗಬೇಕಿಲ್ಲ. ಕರ್ಬಲಾ ಇರುವುದು ಇರಾಕಿನಲ್ಲಿ, ಯುದ್ಧ ನಡೆದದ್ದು 680ರಲ್ಲಿ. ಆದರೆ ಮೊಹರಮ್ಮಿನ ರಾತ್ರಿ ನಮ್ಮ ಹಳ್ಳಿಗಳಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಹೇಳುವ ರಿವಾಯತ್ ಪದಗಳನ್ನು ಕೇಳಿ ನೋಡಿರಿ. ಅಲ್ಲಿ ಹಸನ್ ಹುಸೇನರು ಅರಬಸ್ತಾನದ ಮಕ್ಕಳಾಗಿ ಉಳಿದಿಲ್ಲ, ಬರಗಾಲದಲ್ಲಿ ನೀರಡಿಸಿ ಸತ್ತ ನಮ್ಮ ಊರಿನ ಮಕ್ಕಳಾಗಿದ್ದಾರೆ. ತಾಯಂದಿರು ಅಳುವುದೂ ನಮ್ಮ ಹೆಂಗಸರು ಹಾಡಿ ಹಾಡಿ ಅಳುವ ರೀತಿಯಲ್ಲೇ. ಹಾಡುವವರಲ್ಲಿ ಮುಸಲ್ಮಾನರಷ್ಟೇ ಇಲ್ಲ, ಎಲ್ಲ ಜಾತಿಯವರೂ ಇದ್ದಾರೆ. ಅವರಿಗೆ ಯಾರೂ ಕರ್ಬಲಾದ ನಕಾಶೆ ತೋರಿಸಿಲ್ಲ. ಹಾಡು ಕನ್ನಡದಲ್ಲಿ ಹುಟ್ಟಿತು, ಕನ್ನಡದ ಹೆಜ್ಜೆಗೆ ಕುಣಿಯಿತು, ಆದ್ದರಿಂದ ಉಳಿಯಿತು.

ಬೆಥ್ಲೆಹೇಮಿನ ಕೂಸಿಗೆ ನಮ್ಮಲ್ಲಿ ಇನ್ನೂ ಆ ಭಾಗ್ಯ ಬಂದಿಲ್ಲ. ಯೇಸುವಿನ ಹೆಸರು ಈ ಊರಿಗೆ ಹೊಸದೇನೂ ಅಲ್ಲ. ಒಂದನೇ ಅಲಿ ಆದಿಲ್‌ಶಾಹನ ಕಾಲದಲ್ಲಿ, 1561ರಲ್ಲಿ, ಗೋವಾದಿಂದ ಜೆಸ್ವಿಟ್ ಪಾದ್ರಿ ಗೊನ್ಸಾಲೊ ರೊಡ್ರಿಗಸ್ ಇಲ್ಲಿಯ ದರ್ಬಾರಿಗೆ ಬಂದಿದ್ದರು. ಅಷ್ಟು ಹಿಂದಿನ ಪರಿಚಯ ನಮ್ಮ ಬೀಸುವ ಪದಕ್ಕಾಗಲಿ, ಸೋಬಾನಕ್ಕಾಗಲಿ ಇಳಿಯಲಿಲ್ಲ ಎಂಬುದು ನನ್ನ ಸಂಕಟ. ಆಮೇಲೆ ಪಟ್ಟಕ್ಕೆ ಬಂದ ಎರಡನೇ ಇಬ್ರಾಹಿಂ ಆದಿಲ್‌ಶಾಹ ದರ್ಬಾರಿನ ಪರ್ಶಿಯನ್ ಬಿಟ್ಟು ದಖನಿಯಲ್ಲಿ ‘ಕಿತಾಬ್-ಎ-ನವರಸ್’ ಹಾಡುಗಳನ್ನು ಕಟ್ಟಿದ, ರಾಗಗಳಿಗೆ ಹೊಂದಿಸಿದ, ಸರಸ್ವತಿಯನ್ನೂ ಗಣಪತಿಯನ್ನೂ ನೆನೆದ. ಊರಾಚೆ ತೊರವಿಯ ಬಳಿ ನವರಸಪುರವೆಂಬ ಹೊಸ ಊರನ್ನೇ ಕಟ್ಟಲು ಹೊರಟ. ಬಬಲೇಶ್ವರದ ಕಡೆಯವರಿಗೆ ಕಾಖಂಡಕಿಯ ಮಹಿಪತಿದಾಸರನ್ನು ನಾನು ಹೇಳಿಕೊಡಬೇಕಿಲ್ಲ. ಆದಿಲ್‌ಶಾಹಿ ದರ್ಬಾರಿನ ಅಧಿಕಾರ ಬಿಟ್ಟು ಬಂದು ಹಾಡಿದ ಆ ದಾಸರು ಕನ್ನಡದ ಜೊತೆ ಮರಾಠಿಯಲ್ಲೂ ದಖನಿಯಲ್ಲೂ ಪದ ಕಟ್ಟಿದವರು. ಈ ಸೀಮೆಯಲ್ಲಿ ದೇವರ ಹಾಡು ಕಟ್ಟಿದವರು ಬೇಲಿ ದಾಟಿಯೇ ಕಟ್ಟಿದ್ದಾರೆ, ಆದರೆ ಕಾಲೂರಿ ನಿಂತ ನೆಲವನ್ನು ಬಿಟ್ಟಿಲ್ಲ.

ಹಾಗೆಂದು ಗಿಟಾರು ಕೆಳಗಿಡಿ ಎಂದು ನಾನು ಹೇಳುವುದಿಲ್ಲ. ಪೇಟಿಯೂ, ಅಂದರೆ ಹಾರ್ಮೋನಿಯಮ್ಮೂ, ಒಂದು ಕಾಲಕ್ಕೆ ಯುರೋಪಿನಿಂದ ಬಂದದ್ದೇ. ಇವತ್ತು ಪೇಟಿಯಿಲ್ಲದೆ ನಮ್ಮ ಭಜನಿ ಮೇಳ ಕೂಡುವುದೇ ಇಲ್ಲ. ಗಿಟಾರೂ ಹಾಗೇ ಒಗ್ಗಬಹುದು. ನಾನು ಕೇಳುವುದು ಗಿಟಾರಿನ ಕೆಳಗೆ ನಡೆಯುವ ನಡೆಯನ್ನು. ನಮ್ಮ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮತ್ತು ಅವರ ಗೆಳೆಯರು ಬೀಸುವ ಹೆಂಗಸರ ಬಾಯಿಂದ ಕೂಡಿಸಿದ ತ್ರಿಪದಿಗಳು 1931ರಲ್ಲಿ ‘ಗರತಿಯ ಹಾಡು’ ಆಗಿ ಬಂದವು. ಅದೇ ತ್ರಿಪದಿ ಬಾದಾಮಿಯ ಕಪ್ಪೆ ಅರಭಟ್ಟನ ಬಂಡೆಯ ಶಾಸನದಲ್ಲೂ ಇದೆ, ಅಂದರೆ ಸುಮಾರು ಸಾವಿರದ ಮುನ್ನೂರು ವರ್ಷದಿಂದ ಈ ನಾಡು ಆ ಮೂರು ಸಾಲನ್ನು ಬಲ್ಲದು. ರಾಶಿಯ ಕಣದಲ್ಲಿ ಮೇಟಿಯ ಸುತ್ತ ಎತ್ತು ತುಳಿಸುತ್ತ ಹಾಡುತ್ತಿದ್ದ ಹಂತಿ ಪದಕ್ಕೆ ತಾಳ ಹಾಕಿದ್ದು ಎತ್ತಿನ ಹೆಜ್ಜೆ. ನಿಮ್ಮ ಡ್ರಮ್ಮರನಿಗೆ ಆ ಹೆಜ್ಜೆ ಗೊತ್ತಿರಲಿ. ಹಂತಿ ಹೂಡುವವರು ಈಗ ಇಲ್ಲ, ರಾಶಿ ಮಷೀನು ಬಂದು ಬಹಳ ದಿನವಾಯಿತು. ಆದರೆ ಹಾಡಿದ ಹಿರಿಯರು ಇನ್ನೂ ಕೆಲವರು ಇದ್ದಾರೆ, ಅವರ ಮುಂದೆ ಫೋನು ಹಿಡಿದು ಕೂತರೆ ಸಾಕು.

ಇಲ್ಲಿಗೆ ಬಂದಾಗ ನಿಮ್ಮಲ್ಲಿ ಕೆಲವರ ಮುಖ ಗಂಟಾಗುವುದು ನನಗೆ ಗೊತ್ತು. ಅದರ ಕಾರಣವೂ ಗೊತ್ತು. ‘ಹಲಗಿ ಬಾರಿಸು ಅಂತೀರೇನು?’ ಎಂದು ನೀವು ಕೇಳುತ್ತೀರಿ. ನಿಮ್ಮಲ್ಲಿ ಅನೇಕರ ಅಜ್ಜ ಮುತ್ತಜ್ಜರು ಹಲಗಿ ಬಾರಿಸಿದ್ದು ಖುಷಿಗಲ್ಲ. ಊರ ಗೌಡರ ಮನೆಯಲ್ಲಿ ಹೆಣ ಬಿದ್ದರೆ ಬಾರಿಸಬೇಕು, ಜಾತ್ರೆಗೆ ಬಾರಿಸಬೇಕು, ಡಂಗುರ ಸಾರಬೇಕು. ಬಾರಿಸಿ ಮುಗಿದ ಮೇಲೆ ದೂರ ನಿಂತು, ಕೊಟ್ಟದ್ದನ್ನು ಸೆರಗಿಗೆ ಹಾಕಿಸಿಕೊಂಡು ಹೋಗಬೇಕು. ಚರ್ಚಿನ ಒಳಗೆ ಅವರಿಗೆ ಮೊದಲ ಸಲ ಬೆಂಚಿನ ಮೇಲೆ ಸಾಲಾಗಿ ಕೂಡುವ ಜಾಗ ಸಿಕ್ಕಿತು. ಹಲಗಿ ಬಿಟ್ಟದ್ದು ಮಾನ ಕಾಯ್ದುಕೊಳ್ಳಲು, ಗಿಟಾರು ಹಿಡಿದದ್ದು ತಲೆ ಎತ್ತಿ ನಿಲ್ಲಲು. ಮೇಲುಜಾತಿಯ ಮನೆಯಲ್ಲಿ ಹುಟ್ಟಿದ ನನ್ನಂಥವನು ನಿಮಗೆ ‘ನೆಲದ ವಾದ್ಯ’ದ ಪಾಠ ಹೇಳುವುದು ಸಲ್ಲದು. ಈ ಮಾತನ್ನು ನೀವು ನನ್ನ ಮುಖಕ್ಕೇ ಹೇಳಿದರೂ ನಾನು ಒಪ್ಪುತ್ತೇನೆ.

ಅಷ್ಟು ಒಪ್ಪಿಯೂ ಒಂದನ್ನು ಕೇಳಬೇಕಾಗಿದೆ. ಬಿಟ್ಟಿ ಚಾಕರಿಗೆ ಬಾರಿಸಿದ ಹಲಗಿ ಬೇರೆ, ನೀವಾಗಿ ಆರಿಸಿಕೊಂಡು ಬಾರಿಸುವ ಹಲಗಿ ಬೇರೆ. ದಲಿತ ಚಳವಳಿ ಕರ್ನಾಟಕದ ಬೀದಿಗಳಲ್ಲಿ ಅದೇ ವಾದ್ಯವನ್ನು ಮೆರವಣಿಗೆಯ ಮುಂದೆ ಹಿಡಿದು ನಡೆದದ್ದನ್ನು ನಾವೆಲ್ಲ ನೋಡಿದ್ದೇವೆ. ಯೋಹಾನನ ಸುವಾರ್ತೆಯ ನಾಲ್ಕನೇ ಅಧ್ಯಾಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮಧ್ಯಾಹ್ನದ ಬಿಸಿಲು, ಬಾವಿಯ ದಂಡೆ, ನೀರಿಗೆ ಬಂದ ಸಮಾರ್ಯದ ಹೆಂಗಸು. ಅವಳ ಕೈಯ ನೀರನ್ನು ಯೆಹೂದ್ಯರು ಮುಟ್ಟುವಂತಿಲ್ಲ. ಯೇಸು ಅವಳನ್ನೇ ನೀರು ಬೇಡುತ್ತಾನೆ. ನಮ್ಮ ಜಿಲ್ಲೆಯ ಯಾವ ಹಳ್ಳಿಯಲ್ಲಿ ಬಾವಿಯ ಕಥೆ ಇಲ್ಲ? ಯಾರು ಸೇದಬೇಕು, ಯಾರು ಕೊಡ ಹಿಡಿದು ದೂರ ನಿಲ್ಲಬೇಕು ಎಂಬುದನ್ನು ಕಂಡ ಕಣ್ಣುಗಳು ಇನ್ನೂ ಬದುಕಿವೆ. ಆ ಅಧ್ಯಾಯ ಹಲಗಿಯ ಮೇಲೆ, ಹಂತಿಯ ನಡೆಯಲ್ಲಿ, ಇಲ್ಲಿಯ ಹೆಂಗಸಿನ ಬಾಯಿಮಾತಿನಲ್ಲಿ ಹಾಡಾದರೆ ಅದನ್ನು ಸಿಡ್ನಿಯವರು ಮಾಡಲಾರರು. ನಾನೂ ಮಾಡಲಾರೆ. ನೀವೇ ಮಾಡಬೇಕು, ನಿಮ್ಮ ಮನೆಯ ಹಿರಿಯರು ಆ ಬಾವಿಯ ಹತ್ತಿರ ನಿಂತವರು.

ಬೈಬಲ್ಲನ್ನು ಹೊರಗಿನವನಾಗಿ ಓದಿದ ನನಗೆ ಅದು ತಿಕೋಟಾ ತಾಲೂಕಿನ ಪುಸ್ತಕದ ಹಾಗೆ ಕಾಣುತ್ತದೆ. ದ್ರಾಕ್ಷಿ ತೋಟ, ಕಣ, ಬಿತ್ತುವವ, ಕುರಿ ಕಾಯುವವ, ಬರ, ಗುಳೆ, ಸಾಲ, ಎಲ್ಲವೂ ಅಲ್ಲಿವೆ. ತಾನೇ ನಿಜವಾದ ದ್ರಾಕ್ಷಿ ಬಳ್ಳಿ, ತಂದೆಯೇ ತೋಟಗಾರ, ಫಲ ಕೊಡುವ ಕೊಂಬೆಯನ್ನು ಇನ್ನಷ್ಟು ಫಲ ಕೊಡಲೆಂದು ಸವರುತ್ತಾನೆ ಎಂದು ಯೇಸು ಹೇಳುವ ಮಾತನ್ನು ಅಮೆರಿಕದ ದೊಡ್ಡ ಪಟ್ಟಣದ ಹುಡುಗನಿಗೆ ಬಿಡಿಸಿ ಹೇಳಬೇಕಾಗುತ್ತದೆ. ಆ ಸವರುವಿಕೆಗೆ ನಾವು ಚಾಟ್ನಿ ಎನ್ನುತ್ತೇವೆ, ನಮ್ಮಲ್ಲಿ ಸಾಲಿ ಹುಡುಗರಿಗೂ ಅದು ಗೊತ್ತು. ಏಪ್ರಿಲ್ ಚಾಟ್ನಿ ಕಡ್ಡಿ ಬೆಳೆಸಲು, ಅಕ್ಟೋಬರ್ ಚಾಟ್ನಿ ಹಣ್ಣು ಹಿಡಿಸಲು. ಬೋಳಾದ ತೋಟ ನೋಡಿದರೆ ಹೊಟ್ಟೆ ಉರಿಯುತ್ತದೆ, ಆದರೆ ಕತ್ತರಿ ಹಾಕದಿದ್ದರೆ ಗೊನೆಯಿಲ್ಲ. ಆಮೇಲೆ ಮಣೂಕದ, ಅಂದರೆ ಒಣದ್ರಾಕ್ಷಿಯ, ಶೆಡ್ಡಿನಲ್ಲಿ ಹಣ್ಣು ಹರವಿದ ಮೇಲೆ ಅಕಾಲದ ಮಳೆ ಬಂದರೆ ವರ್ಷದ ದುಡಿಮೆ ಕಪ್ಪಾಗುತ್ತದೆ. ಆ ರಾತ್ರಿ ರೈತ ಮಾಡುವ ಪ್ರಾರ್ಥನೆಯನ್ನು ಯಾವ ಆರಾಧನೆಯ ಹಾಡಿನಲ್ಲಿಯೂ ನಾನು ಕೇಳಿಲ್ಲ. ಮತ್ತಾಯನ ಇಪ್ಪತ್ತನೇ ಅಧ್ಯಾಯದ ಕೂಲಿಗಳೂ ಇಲ್ಲಿಯವರೇ: ಮುಂಜಾನೆ ಟಂಟಂ ಹತ್ತಿ ತೋಟಕ್ಕೆ ಹೋದವರು, ಕೆಲಸ ಸಿಗದೆ ಸಂಜೆತನಕ ಸರ್ಕಲ್ಲಿನಲ್ಲೇ ನಿಂತವರು. ಸಂಜೆ ಐದಕ್ಕೆ ಬಂದವಳಿಗೂ ಪೂರಾ ಪಗಾರ ಕೊಟ್ಟ ಆ ಮಾಲಕನ ಬಗ್ಗೆ ತಿಕೋಟಾದಲ್ಲಿ ಹಾಡು ಹಾಡಿದರೆ, ಮಾಲಕರೂ ಕೂಲಿಯವರೂ ರಾತ್ರಿಯಿಡೀ ಜಗಳವಾಡಿಯಾರು. ಹಾಡು ಅಂಥ ಜಗಳ ಎಬ್ಬಿಸಬೇಕು.

ಎರಡನೇ ಆಲ್ಬಮ್ಮು ಕಷ್ಟ ಎಂದು ಹಾಡುವವರೆಲ್ಲ ಹೇಳುತ್ತಾರೆ. ಮೊದಲನೆಯದರಲ್ಲಿ ಹರೆಯದ ಅಷ್ಟೂ ವರ್ಷಗಳ ಹಾಡು ಖರ್ಚಾಗಿರುತ್ತದೆ, ಎರಡನೆಯದಕ್ಕೆ ಕೈಯಲ್ಲಿ ಉಳಿಯುವುದು ಕೆಲವೇ ತಿಂಗಳು ಮತ್ತು ಮಂದಿಯ ನಿರೀಕ್ಷೆ. ಈ ಹಾದಿಯಲ್ಲಿ ನಿಮಗಿಂತ ಮುಂದೆ ಹೋದವರ ಕಥೆಯೊಂದು ಹೇಳುತ್ತೇನೆ. ಇಲಿನಾಯ್ ರಾಜ್ಯದ ಗ್ರೀನ್‌ವಿಲ್ ಕಾಲೇಜಿನ ಹುಡುಗರು ಕಟ್ಟಿದ ‘ಜಾರ್ಸ್ ಆಫ್ ಕ್ಲೇ’ ಬ್ಯಾಂಡಿನ ಹೆಸರು ಬಂದದ್ದು ಕೊರಿಂಥದವರಿಗೆ ಬರೆದ ಎರಡನೇ ಪತ್ರದಿಂದ. 1995ರ ಅವರ ಮೊದಲ ಆಲ್ಬಮ್ಮಿನ ‘ಫ್ಲಡ್’ ಹಾಡು ಚರ್ಚಿನ ಗೋಡೆ ದಾಟಿ ಸಾಮಾನ್ಯ ರೇಡಿಯೊಗಳಲ್ಲೂ ಮೊಳಗಿತು. ಗೆದ್ದ ಅದೇ ಹಾಡನ್ನು ಅವರು ಇನ್ನೂ ಹತ್ತು ಬಗೆಯಲ್ಲಿ ಹಾಡಬಹುದಿತ್ತು. 1997ರ ಎರಡನೇ ಆಲ್ಬಮ್ಮಿಗೆ ಅವರು ಇಟ್ಟ ಹೆಸರು ‘ಮಚ್ ಅಫ್ರೇಡ್’. ಹ್ಯಾನ್ನಾ ಹರ್ನಾರ್ಡ್ 1955ರಲ್ಲಿ ಬರೆದ ರೂಪಕ ಕಥೆಯೊಂದರಲ್ಲಿ ಸದಾ ಹೆದರುವ, ಕಾಲು ಸೊಟ್ಟಗಿರುವ ಹೆಣ್ಣಿನ ಹೆಸರು ಅದು. ಜಯಘೋಷದ ಬದಲು ಅಂಜಿಕೆಯನ್ನು ಮುಂದಿಟ್ಟ ಆ ಆಲ್ಬಮ್ಮಿಗೆ ಮರುವರ್ಷ ಗ್ರ್ಯಾಮಿ ಪ್ರಶಸ್ತಿಯೂ ಬಂತು.

ನಿಮ್ಮ ಮೊದಲ ಆಲ್ಬಮ್ಮಿನ ತುಂಬ ಜಯವಿದೆ, ಬೆಳಕಿದೆ, ಸಂತೋಷವಿದೆ. ಅಂಜಿಕೆಯಿಲ್ಲ, ಗೋಳಿಲ್ಲ. ನಿಮ್ಮ ಬೈಬಲ್ಲಿನ ನೂರೈವತ್ತು ಕೀರ್ತನೆಗಳಲ್ಲಿ ಹತ್ತಿರ ಹತ್ತಿರ ಮೂರರಲ್ಲೊಂದು ಪಾಲು ದೇವರ ಮುಂದೆ ಗೋಳಾಡುವಂಥವು. ದೇವರೊಡನೆ ಜಗಳವಾಡುವಂಥವೂ ಇವೆ. ಡೋಣಿ ನದಿಯ ದಂಡೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡೋಣಿ ಹರಿದರೆ ಓಣೆಲ್ಲಾ ಜೋಳ ಎನ್ನುತ್ತೇವೆ, ಅದೇ ಡೋಣಿಯ ನೀರು ಬಾಯಿಗೆ ಉಪ್ಪು. ಹೊಲ ಮನೆ ಬಿಟ್ಟು ಗೋವಾಕ್ಕೆ, ಮುಂಬಯಿಗೆ, ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದ ಮಂದಿಯ ಮಕ್ಕಳು ನಿಮ್ಮ ಚರ್ಚಿನಲ್ಲೇ ಅಜ್ಜಿಯ ಪಕ್ಕ ಕೂತಿರುತ್ತಾರೆ. ಭಾನುವಾರ ಅವರೆಲ್ಲ ಕೈಯೆತ್ತಿ ಜಯದ ಹಾಡನ್ನಷ್ಟೇ ಹಾಡಬೇಕೇನು?

‘ಜಾರ್ಸ್ ಆಫ್ ಕ್ಲೇ’ ಬ್ಯಾಂಡಿನವರ ಬಗ್ಗೆ ಇನ್ನೊಂದು ಮಾತು. ‘ಫ್ಲಡ್’ ಎಂಬ ಪ್ರವಾಹದ ಹಾಡಿನಿಂದ ಹೆಸರಾದವರು ಮುಂದೆ ‘ಬ್ಲಡ್ ವಾಟರ್’ ಎಂಬ ಸಂಸ್ಥೆ ಕಟ್ಟಿ ಆಫ್ರಿಕಾದ ಸಾವಿರ ಊರುಗಳಿಗೆ ಶುದ್ಧ ನೀರು ಮುಟ್ಟಿಸುವ ಕೆಲಸಕ್ಕೆ ಇಳಿದರು. ನೀರಿನ ಕೆಲಸ ನಮಗೂ ಹೊಸದಲ್ಲ, ಬಾವಿಗಳನ್ನು ಕಟ್ಟಿಸಿದ ಊರು ನಮ್ಮದು. ತೊರವಿಯಿಂದ ನೆಲದೊಳಗೇ ನೀರು ತಂದವರು ಆದಿಲ್‌ಶಾಹಿಗಳು, ತಾಜ್ ಬಾವಡಿ ಇಂದಿಗೂ ನಿಂತಿದೆ. ಈಗ ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಎತ್ತರದ ಹೊಲಗಳಿಗೂ ಬರತೊಡಗಿದೆ. ಕೆರೆ ತುಂಬಿದ ದಿನ ಹಳ್ಳಿಯ ಹೆಂಗಸರು ಆರತಿ ಹಿಡಿದು ಬಾಗಿನ ಬಿಟ್ಟರು. ಆ ದಿನದ ಹಾಡು ನಿಮ್ಮ ಆಲ್ಬಮ್ಮಿನಲ್ಲಿ ಯಾಕಿರಬಾರದು? ಜೀವಜಲದ ಮಾತನ್ನು ನಿಮ್ಮಷ್ಟು ಸಲ ಹಾಡಿದವರು ಇಲ್ಲ, ನೀರನ್ನು ನಮ್ಮಷ್ಟು ವರ್ಷ ಕಾದವರು ಇಲ್ಲ.

ಗೋಳಗುಮ್ಮಟದ ಮೇಲೆ ಡ್ರೋನ್ ಹಾರಿಸಿ ವಿಡಿಯೊ ಮಾಡಿದಷ್ಟಕ್ಕೆ ಹಾಡು ವಿಜಯಪುರದ್ದಾಗುವುದಿಲ್ಲ. ಆ ಖರ್ಚನ್ನು ಉಳಿಸಿ. ಅದರ ಬದಲು ಒಬ್ಬ ರಿವಾಯತ್ ಹಾಡುವ ಮುದುಕರನ್ನು, ಒಂದು ಭಜನಿ ಮೇಳವನ್ನು, ಹಲಗಿ ಬಾರಿಸುವವರಲ್ಲಿ ಮನಸ್ಸಿದ್ದವರನ್ನು ಕರೆದು, ಪೂರಾ ಸಂಭಾವನೆ ಕೊಟ್ಟು, ಅವರ ಹೆಸರನ್ನು ನಿಮ್ಮ ಹೆಸರಿನ ಜೊತೆಗೇ ಹಾಕಿ. ಟ್ರ್ಯಾಕ್ಟರಿನ ಡೆಕ್ಕಿನಲ್ಲಿ ಬಡಿಯುವ ಜಾನಪದ ಹಾಡುಗಳನ್ನು ಹೀಗಳೆಯಬೇಡಿ, ನಮ್ಮ ಹುಡುಗರ ಕಿವಿ ಎಲ್ಲಿದೆ ಎಂಬುದನ್ನು ಅವು ತೋರಿಸುತ್ತವೆ. ಮೊದಲ ಹಾಡಿಗೆ ಬಾವಿಯ ದಂಡೆಯ ಹೆಂಗಸನ್ನೇ ತೆಗೆದುಕೊಳ್ಳಿ. ಅಕ್ಟೋಬರ್ ಚಾಟ್ನಿ ಮುಗಿದು ಕ್ರಿಸ್‌ಮಸ್ ಬರುವಷ್ಟರಲ್ಲಿ ಒಂದು ಹಾಡಾದರೂ ತಯಾರಾದರೆ, ತಿಕೋಟಾದ ಬಜಾರದಲ್ಲಿ ಸಂತೆಯ ದಿನ ಮೈಕು ಕಟ್ಟಿ ಹಾಡಿರಿ. ಚರ್ಚಿನೊಳಗೆ ಬರದವರೂ ಅಲ್ಲಿ ಇರುತ್ತಾರೆ. ಮೈಕು, ಪೆಂಡಾಲಿನ ಖರ್ಚಿನಲ್ಲಿ ನನ್ನ ಪಾಲು ಕೊಡುತ್ತೇನೆ. ದಿನ ಗೊತ್ತಾದ ಕೂಡಲೆ ತಿಳಿಸಿರಿ, ಪೇಟಿ ನುಡಿಸುವ ನಮ್ಮ ಮೇಳದವರನ್ನೂ ಕರೆದುಕೊಂಡು ಬರುತ್ತೇನೆ.

ಇಂತಿ ನಿಮ್ಮ,
ಊರಿನ ಒಬ್ಬ ಅಣ್ಣ